ಕೆಂಪು ಗೆರೆ

ಕೊರಿಯರ್‌ನಲ್ಲಿ ಬಂದ ಡಬ್ಬಿ ಚಿಕ್ಕದು. ಬಬಲ್ ರ‍್ಯಾಪ್ ಬಿಚ್ಚಿದರೆ ಒಳಗೆ ನಮ್ಮ ವಿಮಾನದ ವೇಗದ ಮೀಟರು. ಮೂರು ವಾರದ ಹಿಂದೆ ಮೆಕ್ಯಾನಿಕ್ ಅದನ್ನು ಪ್ಯಾನೆಲ್‌ನಿಂದ ಕಳಚಿ ರಿಪೇರಿ ಶಾಪಿಗೆ ಕಳಿಸಿದ್ದರು. ಹೋದ ಹಾಗೇ ವಾಪಸ್ ಬಂದಿತ್ತು, ಒಂದು ವಿಷಯ ಬಿಟ್ಟು. ಕಡಿಮೆ ವೇಗದ ಕಡೆ ಇರುವ ಕೆಂಪು ಗೆರೆ ಉಗುರಿನ ಅಂಚಿನಷ್ಟು ಕೆಳಗೆ ಸರಿದಿತ್ತು.

ಗೆಳೆಯ ಅದನ್ನು ಹತ್ತಿರ ಹಿಡಿದು ನೋಡಿದ. ದೂರ ಹಿಡಿದು ನೋಡಿದ. ಕನ್ನಡಕ ತೆಗೆದು ಮತ್ತೊಮ್ಮೆ ನೋಡಿದ.

"ಇಷ್ಟಕ್ಕೇನಾ ಮಾರಾಯ, ಇಡೀ ಚಳಿಗಾಲ ವಿಮಾನವನ್ನು ನೆಲದ ಮೇಲೆ ಕೂರಿಸಿದ್ದು?" ಅಂದ.

ಹೌದು, ಇಷ್ಟಕ್ಕೇ. ಆದರೆ ನಾವು ಹೊರಟಿದ್ದು ಇದಕ್ಕಲ್ಲ. ನಮಗೆ ಬೇಕಾಗಿದ್ದದ್ದು ಸ್ಪೀಡು.

ನಮ್ಮದು ಪೈಪರ್ ಟ್ವಿನ್ ಕೊಮಾಂಚಿ. ಟ್ವಿನ್ ಅಂದರೆ ಎರಡು ಎಂಜಿನ್ ಇರುವ ವಿಮಾನ. ಇಬ್ಬರ ಪಾಲುದಾರಿಕೆ. 1965ರ ವಿಮಾನ, ವಯಸ್ಸಿನಲ್ಲಿ ನನಗಿಂತ ದೊಡ್ಡದು, ಹಾಗಾಗಿ ಸ್ವಲ್ಪ ಮರ್ಯಾದೆ ಕೊಟ್ಟೇ ನಡೆಸಿಕೊಳ್ಳುತ್ತೇನೆ. ಎರಡು ಲೈಕಮಿಂಗ್ ಎಂಜಿನ್, ತಲಾ 160 ಎಚ್‌ಪಿ. ಸಣ್ಣ ಮೈ, ತೆಳು ರೆಕ್ಕೆ, ಕಡಿಮೆ ಪೆಟ್ರೋಲು. ನೆಟ್ಟಗೆ ಹಾರುವಾಗ ಗಂಟೆಗೆ 185 ಮೈಲಿ ಬರುತ್ತದೆ, 16-17 ಗ್ಯಾಲನ್ ಕುಡಿಯುತ್ತದೆ. ಎರಡು ಎಂಜಿನ್‌ಗೂ ಸೇರಿ! ಆ ಲೆಕ್ಕದಲ್ಲಿ ಅದು ಸಂಸಾರಸ್ಥರ ವಿಮಾನ.

ಅದರ ವಯಸ್ಸು ಕೇಳಿದವರೆಲ್ಲ "ಓ, ಡಕೋಟ" ಅಂತ ನಗುತ್ತಾರೆ. ಗಡಗಡ ಅನ್ನುವ ಎಲ್ಲ ಬಸ್ಸಿಗೂ ಸ್ಕೂಟರಿಗೂ ನಾವು ಅಂಟಿಸುವ ಆ ಹೆಸರು ಒಂದು ಟ್ವಿನ್ ವಿಮಾನದ್ದೇ ಅಲ್ವಾ. 1935ರ ಡಿಸೆಂಬರ್ 17ರಂದು ಮೊದಲು ಹಾರಿದ ಡಗ್ಲಸ್ ಡಿಸಿ-3ನ್ನು ಬ್ರಿಟಿಷ್ ವಾಯುಪಡೆಯವರು ಡಕೋಟ ಅಂತ ಕರೆದರು. ಅದು ಬೈಗುಳವಾಗಿದ್ದು ಅನ್ಯಾಯ ಅಂತ ನನ್ನ ಅಭಿಪ್ರಾಯ. ಅಮೆರಿಕದ ವಿಸ್ಕಾನ್ಸಿನ್‌ನ ಆಶ್‌ಕಾಶ್‌ನಲ್ಲಿ ಬಾಸ್ಲರ್ ಅಂತ ಒಂದು ಕಂಪನಿ ಇದೆ. ಹಳೇ ಡಕೋಟಗಳನ್ನು ತಂದು, ರೆಕ್ಕೆಯ ಮುಂದಿನ ಮೈಯನ್ನು 40 ಇಂಚು ಉದ್ದ ಮಾಡಿ, ಪಿಸ್ಟನ್ ಎಂಜಿನ್ ತೆಗೆದು ಟರ್ಬೈನ್ ಕೂರಿಸುತ್ತಾರೆ. ಹಾಗೆ ಮಾರ್ಪಾಡಾದ ಡಕೋಟಗಳು ಅಂಟಾರ್ಕ್ಟಿಕಾದ ಹಿಮದ ಮೇಲೆ ಇಳಿದು ಏಳುತ್ತಿವೆ. ನಗುವವರು ಮುಂದಿನ ಸಲ ಇದನ್ನು ನೆನಪಿಟ್ಟುಕೊಳ್ಳಲಿ.

ಹಳೇ ಟ್ವಿನ್‌ಗಳನ್ನು ತಿದ್ದುವ ಚಟ ಹೊಸದಲ್ಲ. 1950ರ ದಶಕದಲ್ಲಿ ಜಾಕ್ ರೈಲಿ ಎಂಬಾತ ಒಂದೇ ಎಂಜಿನ್ ಇದ್ದ ನ್ಯಾವಿಯನ್ ವಿಮಾನದ ಮೂಗಿನಿಂದ ಎಂಜಿನ್ ಕಿತ್ತು, ರೆಕ್ಕೆಗೊಂದರಂತೆ ಎರಡು ಹಾಕಿ, ಅದನ್ನೇ ಟ್ವಿನ್ ಮಾಡಿಬಿಟ್ಟ. ಆಮೇಲೆ ಸೆಸ್ನಾ 310ಕ್ಕೆ ದೊಡ್ಡ ಎಂಜಿನ್ ಹಾಕಿ ರಾಕೆಟ್ ಅಂತ ಹೆಸರಿಟ್ಟ. ಪೈಪರ್ ಅಪಾಚಿಗೆ 180 ಎಚ್‌ಪಿ ಎಂಜಿನ್ ಹಾಕಿ ಜೆರೊನಿಮೊ ಅಂದವರಿದ್ದಾರೆ. ನಮ್ಮ ಕೊಮಾಂಚಿಗೂ ಮಿಲ್ಲರ್ ಎಂಬ ಹೆಸರಿನ ಮಾರ್ಪಾಡು ಇದೆ: 160ರ ಜಾಗಕ್ಕೆ 200 ಎಚ್‌ಪಿ. ಗೆಳೆಯನಿಗೆ ಮನಸ್ಸಿದ್ದದ್ದು ಇದರ ಮೇಲೆ. ನನಗೂ ಅಷ್ಟೇ, ಸುಳ್ಳು ಯಾಕೆ ಹೇಳಲಿ.

ಒಂದು ಸಂಜೆ ಹ್ಯಾಂಗರ್‌ನಲ್ಲಿ ಕೂತು ಲೆಕ್ಕ ಹಾಕಿದೆವು. ಎಂಜಿನ್ ಶಕ್ತಿ 320ರಿಂದ 400 ಆಗುತ್ತದೆ. 25 ಪರ್ಸೆಂಟ್ ಜಾಸ್ತಿ. ಹಾಗಾದರೆ ವೇಗವೂ ಅಷ್ಟೇ ಜಾಸ್ತಿಯಾಗಿ 230 ಮೈಲಿ ದಾಟಬೇಕಲ್ವಾ? ಗಾಳಿ ಹಾಗೆ ಒಪ್ಪೋದಿಲ್ಲ. ವೇಗ ಎರಡರಷ್ಟಾದರೆ ಗಾಳಿಯ ಎಳೆತ ನಾಲ್ಕರಷ್ಟಾಗುತ್ತದೆ. ಆ ಎಳೆತವನ್ನು ಎರಡರಷ್ಟು ವೇಗದಲ್ಲಿ ತಳ್ಳಬೇಕು. ಅಂದರೆ ಬೇಕಾಗುವ ಶಕ್ತಿ ಎಂಟರಷ್ಟು. ತಿರುಗಿಸಿ ನೋಡಿದರೆ, 25 ಪರ್ಸೆಂಟ್ ಶಕ್ತಿ ಕೊಟ್ಟರೆ ಸಿಗುವ ವೇಗ ಎಂಟು ಪರ್ಸೆಂಟೂ ಇಲ್ಲ. 185 ಇದ್ದದ್ದು 199 ಆಗುತ್ತದೆ.

500 ಮೈಲಿಯ ಪ್ರಯಾಣ ಅಂತ ಇಟ್ಟುಕೊಳ್ಳಿ. ಈಗ ಎರಡು ಗಂಟೆ 42 ನಿಮಿಷ. ಆಗ ಎರಡು ಗಂಟೆ 31 ನಿಮಿಷ. ಉಳಿದದ್ದು 11 ನಿಮಿಷ. ಅದಕ್ಕೆ ಏಳು ಗ್ಯಾಲನ್ ಜಾಸ್ತಿ ಪೆಟ್ರೋಲು.

"11 ನಿಮಿಷ ನಾನು ಹೊರಡುವ ಮುಂಚೆ ಬಾತ್‌ರೂಮ್ ಹುಡುಕೋದರಲ್ಲೇ ಕಳೀತೀನಿ" ಅಂದ ಗೆಳೆಯ. ಮುಖ ಸಪ್ಪಗಾಗಿತ್ತು.

ನಾನು ಅಲ್ಲಿಗೇ ಕಾಗದ ಮಡಚಬಹುದಿತ್ತು. ಆದರೆ ಅದೇ ಹಾಳೆಯ ಹಿಂಬದಿಯಲ್ಲಿ ಇನ್ನೊಂದು ಲೆಕ್ಕ ಮಾಡಿದೆ. ಆವತ್ತಿನಿಂದ ನನ್ನ ತಲೆಯಲ್ಲಿ ಕೂತಿರುವುದು ಅದೇ.

ಎರಡೂ ಎಂಜಿನ್ ಓಡುತ್ತಿದ್ದರೆ ನಮ್ಮ ವಿಮಾನ ನಿಮಿಷಕ್ಕೆ 1,400 ಅಡಿಗೂ ಜಾಸ್ತಿ ಏರುತ್ತದೆ. ಒಂದು ನಿಂತರೆ ಎಷ್ಟು? ಅರ್ಧ ಅಂತ ಅನಿಸುತ್ತದೆ. ಹೊಸದಾಗಿದ್ದಾಗಿನ ಲೆಕ್ಕ ಸುಮಾರು 260 ಅಡಿ. ಅದೂ ಸಮುದ್ರ ಮಟ್ಟದಲ್ಲಿ, ತಂಪು ದಿನದಲ್ಲಿ, ನಿಂತ ಎಂಜಿನ್‌ನ ಪ್ರೊಪೆಲ್ಲರ್ ಬ್ಲೇಡುಗಳನ್ನು ಗಾಳಿಗೆ ಅಂಚು ಕೊಟ್ಟು ನಿಲ್ಲಿಸಿದ ಮೇಲೆ. ಇದಕ್ಕೆ ಫೆದರ್ ಮಾಡೋದು ಅಂತಾರೆ. ಎಂಜಿನ್ ಹೋದದ್ದು ಅರ್ಧ, ಏರುವ ತಾಕತ್ತು ಹೋದದ್ದು ಐದರಲ್ಲಿ ನಾಲ್ಕು ಪಾಲು.

ಯಾಕೆ ಅಂದರೆ, ಏರೋದಕ್ಕೆ ಸಿಗುವುದು ಮಿಕ್ಕಿದ ಶಕ್ತಿ ಮಾತ್ರ. ಸಂಬಳದಲ್ಲಿ ಮನೆ ಖರ್ಚು ಕಳೆದು ಉಳಿದದ್ದು ಇದ್ದಂಗೆ. ಸಂಬಳ ಅರ್ಧ ಆದರೆ ಉಳಿತಾಯ ಅರ್ಧ ಆಗೋದಿಲ್ಲ, ಬಹುತೇಕ ಹೊರಟೇ ಹೋಗುತ್ತದೆ. ಒಂದು ಎಚ್‌ಪಿ ಅಂದರೆ ಒಂದು ನಿಮಿಷದಲ್ಲಿ 33,000 ಪೌಂಡನ್ನು ಒಂದು ಅಡಿ ಎತ್ತುವಷ್ಟು ಕೆಲಸ. ನಮ್ಮ ವಿಮಾನ ತುಂಬಿದಾಗ 3,600 ಪೌಂಡು. ನಿಮಿಷಕ್ಕೆ 260 ಅಡಿ ಎತ್ತಬೇಕು. ಗುಣಿಸಿ ಭಾಗಿಸಿ.

28 ಎಚ್‌ಪಿ.

ಇಷ್ಟೇ. 160 ಎಚ್‌ಪಿಯ ಎಂಜಿನ್ ಕಿರುಚಿಕೊಳ್ಳುತ್ತಿರುತ್ತದೆ, ಅದರಲ್ಲಿ ನಮ್ಮನ್ನು ಮೇಲೆತ್ತುವ ಪಾಲು ಒಂದು ಒಳ್ಳೆಯ ಬೈಕಿನಷ್ಟು. ಲ್ಯಾಂಡಿಂಗ್ ಗೇರ್ ಇನ್ನೂ ಕೆಳಗಿದ್ದರೆ ಅಷ್ಟೂ ಹೋಯಿತು. ಪ್ರೊಪೆಲ್ಲರ್ ಫೆದರ್ ಆಗದೆ ಸುಮ್ನೆ ಗಿರಗಿರ ತಿರುಗುತ್ತಿದ್ದರೆ ಆಗಲೂ ಹೋಯಿತು. ಬಿಸಿಲು ಜಾಸ್ತಿಯಿದ್ದು, ಎತ್ತರದ ಜಾಗದ ರನ್‌ವೇ ಆಗಿದ್ದರೆ ಲೆಕ್ಕ ಹಾಕುವುದೇ ಬೇಡ. ಆ ಕಾಲದ ಅಮೆರಿಕದ ನಿಯಮವೂ ಇದನ್ನು ಒಪ್ಪಿಕೊಂಡಿತ್ತು. 6,000 ಪೌಂಡಿಗಿಂತ ಹಗುರವಾದ, ನಿಧಾನಕ್ಕೆ ಇಳಿಯಬಲ್ಲ ಟ್ವಿನ್‌ಗಳು ಒಂದೇ ಎಂಜಿನ್‌ನಲ್ಲಿ ಏರಲೇಬೇಕು ಅಂತ ಕಡ್ಡಾಯ ಇರಲಿಲ್ಲ. ಏರುತ್ತೋ ಇಳಿಯುತ್ತೋ, ಅಳೆದು ಬರೆದರೆ ಸಾಕಿತ್ತು.

ಈಗ 200 ಎಚ್‌ಪಿಯ ಎಂಜಿನ್ ಹಾಕಿದೆವು ಅನ್ನಿ. ಜಾಸ್ತಿಯಾದ 40ರಲ್ಲಿ ಪ್ರೊಪೆಲ್ಲರ್‌ನಲ್ಲಿ ಸೋರುವುದನ್ನು ಕಳೆದರೂ 30 ಕೈಗೆ ಬರುತ್ತದೆ. ಅಷ್ಟೂ ಉಳಿತಾಯದ ಖಾತೆಗೆ! 28 ಇದ್ದದ್ದು 58. ಹೊಸ ಎಂಜಿನ್‌ನ ಭಾರ ಸ್ವಲ್ಪ ತಿನ್ನುತ್ತದೆ, ಆದರೂ ಹತ್ತಿರ ಹತ್ತಿರ ಎರಡರಷ್ಟು. ಅದೇ ಎಂಜಿನ್ಗಳು, ವೇಗಕ್ಕೆ ಅಂತ ಕೊಂಡರೆ 11 ನಿಮಿಷ, ಏರೋದಕ್ಕೆ ಅಂತ ಕೊಂಡರೆ ಎರಡರಷ್ಟು ಜೀವ. ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿ ಇರುವುದು ಮಾತ್ರ ವೇಗ.

ಇದನ್ನು ಮೇಷ್ಟ್ರಿಗೆ ಹೇಳಿದೆ. ನಮ್ಮಿಬ್ಬರಿಗೂ ಟ್ವಿನ್ ಹಾರಿಸೋದು ಕಲಿಸಿದವರು, ಈಗಲೂ ವರ್ಷಕ್ಕೊಮ್ಮೆ ನಮ್ಮ ಕಿವಿ ಹಿಂಡುವವರು. ಎಲ್ಲ ಕೇಳಿಸಿಕೊಂಡು "ಸರಿ, ನಿಮ್ಮ ಕಾಲು ಏನನ್ನುತ್ತೆ?" ಅಂದರು.

ಕಾಲಿನ ವಿಷಯ ಹೇಳಬೇಕು. ಎಡಗಡೆ ಎಂಜಿನ್ ನಿಂತರೆ ಬಲಗಡೆಯದು ವಿಮಾನವನ್ನು ಎಡಕ್ಕೆ ತಿರುಚುತ್ತದೆ. ಅದನ್ನು ತಡೆಯೋದು ರಡ್ಡರ್, ಅಂದರೆ ಬಾಲದಲ್ಲಿ ಎಡಕ್ಕೂ ಬಲಕ್ಕೂ ತಿರುಗುವ ಹಲಗೆ. ಅದರ ಪೆಡಲ್ ಒತ್ತಿ ಹಿಡಿಯೋದು ನನ್ನ ಬಲಗಾಲು. ಕೆಲಸವಿಲ್ಲದ ಕಾಲು ಯಾವುದೋ ಆ ಕಡೆಯ ಎಂಜಿನ್ ಸತ್ತಿದೆ. ಗಾಬರಿಯಲ್ಲಿ ಒಳ್ಳೇ ಎಂಜಿನ್ನನ್ನೇ ಆರಿಸಿಬಿಡದಂತೆ ಎಲ್ಲರಿಗೂ ಕಲಿಸುವ ಪಾಠ ಇದು. ವೇಗ ಕಡಿಮೆಯಾದಷ್ಟೂ ರಡ್ಡರ್ ಮೇಲೆ ಹರಿಯುವ ಗಾಳಿ ಕಡಿಮೆ, ಅದರ ಹಿಡಿತವೂ ಕಡಿಮೆ. ಒಂದು ವೇಗದ ಕೆಳಗೆ ಪೆಡಲ್ ತಳದವರೆಗೆ ಒತ್ತಿದರೂ ಮೂಗು ನಿಲ್ಲೋದಿಲ್ಲ. ತಿರುಗುತ್ತದೆ, ಆಮೇಲೆ ಮಗುಚುತ್ತದೆ. ಆ ವೇಗಕ್ಕೆ ವಿಎಂಸಿ ಅಂತ ಹೆಸರು. ಮೀಟರಿನ ಕೆಳಗಿನ ಕೆಂಪು ಗೆರೆ ಅದೇ. ನಮ್ಮಂಥ ಟ್ವಿನ್‌ಗಳಲ್ಲಿ ಎಡ ಎಂಜಿನ್ ನಿಲ್ಲೋದು ಬಲದ್ದಕ್ಕಿಂತ ಕೆಟ್ಟದ್ದು, ಯಾಕೆಂದರೆ ಎರಡೂ ಪ್ರೊಪೆಲ್ಲರ್ ಒಂದೇ ದಿಕ್ಕಿಗೆ ತಿರುಗುವಾಗ ಬಲಗಡೆಯ ಎಳೆತ ಮೈಯಿಂದ ಇನ್ನಷ್ಟು ದೂರಕ್ಕೆ ಬೀಳುತ್ತದೆ. ಪೈಪರ್‌ನವರು ಆಮೇಲೆ ಎದುರುಬದುರು ತಿರುಗುವ ಪ್ರೊಪೆಲ್ಲರ್ ಇರುವ ಕೊಮಾಂಚಿ ಮಾಡಿದರು, ಪಿಎ-39 ಅಂತ. 1972ರ ಜೂನ್‌ನಲ್ಲಿ ಅಗ್ನೆಸ್ ಚಂಡಮಾರುತದ ನೆರೆ ಪೆನ್ಸಿಲ್ವೇನಿಯಾದ ಲಾಕ್ ಹೇವನ್ ಕಾರ್ಖಾನೆಗೆ ನುಗ್ಗಿತು, ಕೊಮಾಂಚಿಗಳ ಕಥೆ ಅಲ್ಲಿಗೇ ಮುಗಿಯಿತು.

ನಮ್ಮ ವಿಮಾನಕ್ಕೆ ಈ ಕೆಂಪು ಗೆರೆಯ ಹಳೇ ಕಥೆಯೊಂದಿದೆ. ಮೊದಲು ಅದರ ವಿಎಂಸಿ 80 ಮೈಲಿ ಅಂತ ಇತ್ತು. 1960ರ ದಶಕದಲ್ಲಿ ತರಬೇತಿಯಲ್ಲೇ ಜನ ಸತ್ತರು. ಒಂದು ಎಂಜಿನ್ ತಗ್ಗಿಸಿ, ವಿಎಂಸಿ ತೋರಿಸಲು ಹೋಗಿ, ಸ್ಪಿನ್‌ಗೆ, ಅಂದರೆ ಗಿರಗಿರ ಸುತ್ತುತ್ತಾ ಕೆಳಗೆ ಬೀಳುವ ಸ್ಥಿತಿಗೆ, ಸಿಕ್ಕಿ. ಕಾರಣ ಸೂಕ್ಷ್ಮವಾದದ್ದು. ಎತ್ತರ ಹೋದಂತೆ ಎಂಜಿನ್ ಉಸಿರು ಕಮ್ಮಿಯಾಗಿ ತಿರುಚುವ ಬಲ ತಗ್ಗುತ್ತದೆ, ಹಾಗಾಗಿ ವಿಎಂಸಿ ಇಳಿಯುತ್ತದೆ. ರೆಕ್ಕೆ ಸ್ಟಾಲ್ ಆಗುವ, ಅಂದರೆ ಗಾಳಿಯ ಹಿಡಿತ ತಪ್ಪಿ ಎತ್ತುವುದನ್ನು ಬಿಟ್ಟುಬಿಡುವ, ವೇಗ ಮೀಟರಿನ ಮೇಲೆ ಇದ್ದಲ್ಲೇ ಇರುತ್ತದೆ. ಒಂದು ಎತ್ತರದಲ್ಲಿ ಎರಡೂ ಒಂದೇ ಆಗುತ್ತವೆ. ಒಂದು ಎಂಜಿನ್ ಪೂರ್ತಿ ಎಳೆಯುತ್ತಿರುವಾಗ ರೆಕ್ಕೆ ಸ್ಟಾಲ್ ಆದರೆ ವಿಮಾನ ಒಂದೇ ಕಡೆಗೆ ಕವುಚುತ್ತದೆ. ಕೊನೆಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ವಿಎಂಸಿಯನ್ನು 90ಕ್ಕೆ ಏರಿಸಿತು. ವಿಮಾನದಲ್ಲಿ ಏನೂ ಬದಲಾಗಲಿಲ್ಲ, ಗೆರೆ ಮಾತ್ರ ಮೇಲೆ ಸರಿಯಿತು.

ಮೇಷ್ಟ್ರ ಪ್ರಶ್ನೆಯಲ್ಲಿದ್ದ ಕೊಕ್ಕೆ ಅದು. ಎಂಜಿನ್ ದೊಡ್ಡದಾದರೆ ತಿರುಚುವ ಬಲವೂ ದೊಡ್ಡದು. ರಡ್ಡರ್ ಅಷ್ಟೇ ಇರುತ್ತದೆ. ಬೇರೇನೂ ಮಾಡದಿದ್ದರೆ ವಿಎಂಸಿ ಮೇಲೇರುತ್ತದೆ. ಏರುವ ಶಕ್ತಿಯನ್ನು ಒಂದು ಕೈಯಲ್ಲಿ ಕೊಟ್ಟ ಎಂಜಿನ್ ಇನ್ನೊಂದು ಕೈಯಲ್ಲಿ ಹಿಡಿತವನ್ನು ಕಿತ್ತುಕೊಳ್ಳುತ್ತದೆ.

ಆ ವಾರವೇ ಅವರು ನನ್ನನ್ನು ಮೇಲೆ ಕರೆದುಕೊಂಡು ಹೋದರು. ನೆಲದಿಂದ 5,000 ಅಡಿ. ಎಡ ಎಂಜಿನ್ ತಗ್ಗಿಸಿದರು, ಬಲದ್ದು ಪೂರ್ತಿ ಮುಂದೆ. "ನಿಧಾನ, ನಿಧಾನ" ಅನ್ನುತ್ತಾ ಮೂಗು ಎತ್ತಿಸಿದರು. 110. 105. ಬಲಗಾಲು ಚಾಚುತ್ತಾ ಹೋಯಿತು. 100ರ ಹೊತ್ತಿಗೆ ತೊಡೆ ನಡುಗಲು ಶುರುವಾಯಿತು, ಹೊಲಿಗೆ ಮಿಷಿನ್ ಥರ. ಸೀಟಿಗೆ ಬೆನ್ನು ಒತ್ತಿಕೊಂಡು ಮಂಡಿ ಲಾಕ್ ಮಾಡಿದೆ. ಕೆಂಪು ಗೆರೆಗೆ ಇನ್ನೂ ಎರಡು ಮೂರು ಮೈಲಿ ಇತ್ತು, ದಿಗಂತ ಸದ್ದಿಲ್ಲದೆ ಬಲಕ್ಕೆ ಜಾರತೊಡಗಿತು. ಜೋರಾಗಿ ಏನೂ ಅಲ್ಲ. ಯಾರೋ ಚಾಪೆ ಎಳೆದ ಹಾಗೆ. "ಪವರ್ ತಗ್ಗಿಸಿ, ಮೂಗು ಕೆಳಗೆ" ಅಂದರು, ತಗ್ಗಿಸಿದೆ, ಸರಿಹೋಯಿತು. ವಿಮಾನಕ್ಕೆ ಹಳೇ ಕೇಬಲ್ಲು, ನನಗೆ ಹಳೇ ಮಂಡಿ. ಪುಸ್ತಕದ ಗೆರೆ ಟೆಸ್ಟ್ ಪೈಲಟ್ ಕಾಲಿನದು.

ಇಳಿದ ಮೇಲೆ ಅರ್ಧ ಗಂಟೆ ನನ್ನ ಬಲಗಾಲು ಮೆಟ್ಟಿಲು ಹತ್ತಲು ಒಪ್ಪಲಿಲ್ಲ. ವೇಗದ ಮಾತು ಅವತ್ತಿಗೆ ನಿಂತುಹೋಯಿತು.

ಹಾಗಾಗಿ ನಾವು ಕೊಂಡದ್ದು ವೋರ್ಟೆಕ್ಸ್ ಜನರೇಟರ್. ಹೆಸರು ಕೇಳಿದರೆ ಜನರೇಟರ್ ಅಂತ ಏನೋ ದೊಡ್ಡದು ಅನಿಸುತ್ತದೆ. ಡಬ್ಬಿ ಬಿಚ್ಚಿದರೆ ಹೆಬ್ಬೆರಳಿನ ಉಗುರಿನ ಗಾತ್ರದ ಅಲ್ಯುಮಿನಿಯಂ ಚೂರುಗಳು. ಅವನ್ನು ರೆಕ್ಕೆಯ ಮುಂದಂಚಿನ ಹಿಂದೆ ಸಾಲಾಗಿ, ಗಾಳಿಗೆ ಸ್ವಲ್ಪ ಓರೆಯಾಗಿ ಅಂಟಿಸಬೇಕು. ಲಂಬ ಬಾಲದ ಮೇಲೂ, ರಡ್ಡರ್‌ಗಿಂತ ಮುಂದೆ. ಗಾಳಿ ರೆಕ್ಕೆಯ ಮೈಗೆ ಅಂಟಿಕೊಂಡು ಹರಿಯುವವರೆಗೆ ರೆಕ್ಕೆ ಕೆಲಸ ಮಾಡುತ್ತದೆ. ನಿಧಾನಕ್ಕೆ ಹಾರುವಾಗ ಮೈಗೆ ಹತ್ತಿದ ಪದರ ಸುಸ್ತಾಗಿ ಬಿಟ್ಟುಹೋಗುತ್ತದೆ. ಈ ಪುಟ್ಟ ಚೂರುಗಳು ಒಂದೊಂದೂ ಒಂದು ಸಣ್ಣ ಸುಳಿ ಎಬ್ಬಿಸುತ್ತವೆ. ಸುಳಿ ಮೇಲಿನ ಚುರುಕು ಗಾಳಿಯನ್ನು ಕೆಳಕ್ಕೆ ತಂದು ಸುಸ್ತಾದ ಪದರಕ್ಕೆ ಬೆರೆಸುತ್ತದೆ. ಪದರ ಇನ್ನೂ ಸ್ವಲ್ಪ ಹೊತ್ತು ಅಂಟಿಕೊಂಡಿರುತ್ತದೆ. ರೆಕ್ಕೆ ಇನ್ನೂ ನಿಧಾನದಲ್ಲಿ ಹಾರುತ್ತದೆ, ರಡ್ಡರ್ ಇನ್ನೂ ನಿಧಾನದಲ್ಲಿ ಹಿಡಿಯುತ್ತದೆ. ಸ್ಪೀಡಿಗೆ ಅಂತ ಹೊರಟವರು ಕೊನೆಗೆ ದುಡ್ಡು ಕೊಟ್ಟು ನಿಧಾನವನ್ನು ಮನೆಗೆ ತಂದೆವು.

ಅಂಟಿಸುವ ಕೆಲಸಕ್ಕೆ ಮೆಕ್ಯಾನಿಕ್ ನಮ್ಮನ್ನೂ ಸೇರಿಸಿಕೊಂಡರು, ಕಣ್ಣು ಮಾತ್ರ ಅವರದ್ದೇ. ಮೊದಲು ಅಳತೆ ಪಟ್ಟಿ ಅಂಟಿಸಿ ಜಾಗ ಗುರುತಿಸಬೇಕು. ಪ್ರತಿ ಗುರುತಿನಲ್ಲೂ ಬಣ್ಣ ಕೆರೆದು, ಒರೆಸಿ, ಒಂದು ಹನಿ ಅಂಟು ಹಾಕಿ, ಚೂರನ್ನು ಒತ್ತಿ ಹಿಡಿಯಬೇಕು. ಗೆಳೆಯ ಮೊದಲ ಹತ್ತನ್ನು ಪೂಜೆಗೆ ಕೂತವನ ಹಾಗೆ ಮಾಡಿದ. ಮೂವತ್ತರ ಹೊತ್ತಿಗೆ ಬೆನ್ನು ಹಿಡಿದುಕೊಂಡ. ಐವತ್ತನೆಯದನ್ನು ತಿರುಗಮುರುಗ ಅಂಟಿಸಿದ. ಮೆಕ್ಯಾನಿಕ್ ಏನೂ ಹೇಳದೆ ಕಿತ್ತು, ಕೆರೆದು, ಇನ್ನೊಂದನ್ನು ಅವನ ಕೈಗೆ ಕೊಟ್ಟರು.

ಕಾಗದದ ಕೆಲಸ ಇದಕ್ಕಿಂತ ಕಷ್ಟದ್ದು. ಅಮೆರಿಕದ ಪದ್ಧತಿಯಲ್ಲಿ ಇಂಥ ಪ್ರತಿ ಮಾರ್ಪಾಡಿಗೂ ಎಸ್‌ಟಿಸಿ ಅಂತ ಒಂದು ಒಪ್ಪಿಗೆ ಪತ್ರ ಬೇಕು, ಹಾಕಿದ ಮೇಲೆ ಫಾರಂ 337 ತುಂಬಬೇಕು. ಎಸ್‌ಟಿಸಿಯ ಕೆಳಗೆ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ವಿಮಾನದಲ್ಲಿ ಮೊದಲೇ ಇರುವ ಬೇರೆ ಮಾರ್ಪಾಡುಗಳ ಜೊತೆ ಇದು ಹೊಂದುತ್ತದೋ ಅಂತ ಹಾಕುವವರೇ ನೋಡಿಕೊಳ್ಳಬೇಕು. ಅಷ್ಟು ದಶಕಗಳಲ್ಲಿ ನಮ್ಮ ವಿಮಾನಕ್ಕೆ ಎಷ್ಟು ಮಾಲೀಕರೋ, ಎಷ್ಟು ಚಪಲಗಳೋ. ರೆಕ್ಕೆಯ ಬುಡದಲ್ಲಿ ಯಾರೋ ಹಾಕಿಸಿದ ಫೇರಿಂಗ್, ಅಂದರೆ ಗಾಳಿ ನುಣುಪಾಗಿ ಹರಿಯಲು ಹಾಕುವ ಹೊದಿಕೆ, ಇತ್ತು, ಚಂದವಾಗಿಯೇ ಇತ್ತು, ಕಾಗದ ಮಾತ್ರ ಇರಲಿಲ್ಲ. ಲಾಗ್‌ಬುಕ್ಕಿನಲ್ಲಿ ಆ ವರ್ಷದ ಒಂದು ಹಾಳೆ ಕಾಫಿ ಕಲೆಯಾಗಿ ಅಂಟಿಕೊಂಡಿತ್ತು. ಚಳಿಗಾಲ ಕಳೆದದ್ದು ಅಂಟಿಸೋದರಲ್ಲಲ್ಲ, ಈ ಕಾಗದ ಹುಡುಕೋದರಲ್ಲಿ.

ಗೆಳೆಯನ ಸಮಾಧಾನಕ್ಕೆ ಗ್ಯಾಪ್ ಸೀಲ್ ಕೂಡ ಹಾಕಿಸಿದೆವು. ರೆಕ್ಕೆಯ ಹಿಂದಂಚಿನಲ್ಲಿ ಆಡುವ ಹಲಗೆಗಳಾದ ಫ್ಲಾಪ್, ಏಲರಾನ್‌ಗಳ ಸಂದಿಯಲ್ಲಿ ಗಾಳಿ ಸೋರದಂತೆ ಮುಚ್ಚುವ ಪಟ್ಟಿಗಳು. ಉಪಯೋಗ ಅಳೆಯಲು ಒಂದೇ ಎತ್ತರದಲ್ಲಿ, ಒಂದೇ ಪವರ್‌ನಲ್ಲಿ, ನಾಲ್ಕು ದಿಕ್ಕಿಗೂ ಹಾರಿ ಜಿಪಿಎಸ್ ವೇಗ ಬರೆದುಕೊಂಡು ಸರಾಸರಿ ತೆಗೆದೆ, ಗಾಳಿಯ ಪ್ರಭಾವ ಹೆಚ್ಚುಕಮ್ಮಿ ಕಳೆದುಹೋಗಲಿ ಅಂತ. ಸಿಕ್ಕಿದ್ದು ಮೂರು ಮೈಲಿ. ವೋರ್ಟೆಕ್ಸ್ ಜನರೇಟರ್ ಅದರಲ್ಲಿ ಒಂದನ್ನು ತಿಂದಿರಬಹುದು. ಗೆಳೆಯ ಈಗಲೂ ಆರು ಅಂತಲೇ ಹೇಳುತ್ತಾನೆ. ಅವನು ಅಳೆದದ್ದು ಹಿಂಗಾಳಿಯಲ್ಲಿ.

ಎತ್ತರದ ತೆಳು ಗಾಳಿಯಲ್ಲಿ ಎಂಜಿನ್‌ಗೆ ಉಸಿರು ತುಂಬುವ ಟರ್ಬೊ ಬೇಡ ಅಂದೆವು. ನಾವು ಅಷ್ಟು ಎತ್ತರ ಹೋಗೋದಿಲ್ಲ, ನೋಡಿಕೊಳ್ಳಲು ಇನ್ನೆರಡು ಲಿವರ್ ನನಗಂತೂ ಬೇಡ. ಮೂರು ಬ್ಲೇಡಿನ ಪ್ರೊಪೆಲ್ಲರ್ ನೋಡಲು ಚಂದ, ಸದ್ದು ಕಮ್ಮಿ. ನೋಡಲು ಚಂದ ಅಂತ ಇನ್ನೊಮ್ಮೆ ಬರೆದು ಮುಂದೆ ಹೋಗುತ್ತೇನೆ.

ಮೀಟರ್ ಪ್ಯಾನೆಲ್‌ಗೆ ಕೂತ ಮೇಲೆ ಮೇಷ್ಟ್ರ ಜೊತೆ ಮತ್ತೆ ಮೇಲೆ ಹೋದೆ. ಅದೇ 5,000 ಅಡಿ, ಅದೇ ಎಡ ಎಂಜಿನ್. 100ರಲ್ಲಿ ತೊಡೆ ಮೊದಲಿನ ಹಾಗೇ ನಡುಗಿತು. ಅದಕ್ಕೆ ಯಾರೂ ಎಸ್‌ಟಿಸಿ ಮಾಡಿಲ್ಲ. ಆದರೆ ಹಿಂದೆ ದಿಗಂತ ಜಾರಿದ್ದ ವೇಗದಲ್ಲಿ ಈ ಸಲ ಮೂಗು ನಿಂತಿತ್ತು. ಪೆಡಲ್‌ನಲ್ಲಿ ಇನ್ನೂ ಒಂದಿಂಚು ಉಳಿದಿತ್ತು. ಅದರ ಕೆಳಗೂ ಹೋದೆವು. ಕೊನೆಗೆ ಸ್ಟಾಲ್ ಎಚ್ಚರಿಕೆ ಬಂತು, ರೆಕ್ಕೆ ಸಣ್ಣಗೆ ಅದುರಿತು, "ಸಾಕು" ಅಂದರು. ಇಳಿಯುವವರೆಗೆ ಮತ್ತೇನೂ ಮಾತಾಡಲಿಲ್ಲ. ಅವರಿಗೆ ಅದು ಹೊಗಳಿಕೆ.

ನಿಜ ಹೇಳಬೇಕೆಂದರೆ 28 ಇನ್ನೂ 28ರಷ್ಟೇ ಇದೆ. ವೋರ್ಟೆಕ್ಸ್ ಜನರೇಟರ್ ಏರುವ ಶಕ್ತಿ ಕೊಡೋದಿಲ್ಲ. ಬೇಸಿಗೆಯ ಮಧ್ಯಾಹ್ನ, ಎತ್ತರದ ರನ್‌ವೇ, ನಾಲ್ಕು ಜನ. ಅಲ್ಲಿ ಒಂದು ಎಂಜಿನ್ ನಿಂತರೆ ನಾವು ಈಗಲೂ ಇಳಿಯುತ್ತಲೇ ಹೋಗುತ್ತೇವೆ, ಮೂಗು ನೆಟ್ಟಗಿಟ್ಟುಕೊಂಡು ಇಳಿಯುತ್ತೇವೆ ಅಷ್ಟೇ. ಅಂಥ ದಿನ ಇಬ್ಬರನ್ನು ಮಾತ್ರ ಕೂರಿಸಿ, ಟ್ಯಾಂಕ್ ಅರ್ಧ ತುಂಬಿಸಿ, ಬೆಳಗ್ಗೆಯೇ ಹೊರಡುತ್ತೇನೆ. ಎಂಜಿನ್‌ಗಳ ಓವರ್‌ಹಾಲ್‌ಗೆ ತಯಾರಕರು ಹೇಳುವ ಅವಧಿ 2,000 ಗಂಟೆ, ನಮ್ಮವು 1,600 ದಾಟಿವೆ. ಹೇಗೂ ಬಿಚ್ಚುವಾಗ 200 ಎಚ್‌ಪಿಯದ್ದನ್ನೇ ಹಾಕಿಸೋಣ ಅಂತ ಗೆಳೆಯ ತಿಂಗಳಿಗೊಮ್ಮೆ ತೆಗೆಯುತ್ತಾನೆ. ಈಗ ಅವನು 11 ನಿಮಿಷದ ಮಾತು ಆಡೋದಿಲ್ಲ, ನನ್ನ 58ನ್ನೇ ನನಗೆ ತಿರುಗಿಸಿ ಹೇಳುತ್ತಾನೆ. ಹೊಸ ಎಂಜಿನ್ ಜೊತೆ ಗೆರೆ ಎಲ್ಲಿಗೆ ಹೋಗುತ್ತೆ ಅಂತ ಕೇಳಿದರೆ ಇಬ್ಬರೂ ಮೆಕ್ಯಾನಿಕ್ ಮುಖ ನೋಡುತ್ತೇವೆ. ಅವರು ಕಾಗದ ತರಿಸಿ ಅಂತಾರೆ.

ಹೋದ ಭಾನುವಾರ ವಿಮಾನ ತೊಳೆದೆವು. ಮೊದಲೆಲ್ಲ ರೆಕ್ಕೆಯ ಮೇಲೆ ಬಟ್ಟೆ ಒಂದೇ ಎಳೆತಕ್ಕೆ ಬುಡದಿಂದ ತುದಿಗೆ ಹೋಗುತ್ತಿತ್ತು. ಈಗ ಆಗೋದಿಲ್ಲ. ಆ ಚೂರುಗಳ ನಡುವೆ ಬೆರಳು ತೂರಿಸಿ ಒಂದೊಂದನ್ನೇ ಒರೆಸಬೇಕು. ಗೆಳೆಯ ಮರೆತು ಹಳೇ ಅಭ್ಯಾಸದಲ್ಲಿ ಜೋರಾಗಿ ಎಳೆದ. ಟವೆಲ್ ಪರ್ ಅಂತ ಹರಿಯಿತು. ಇಬ್ಬರೂ ಬಗ್ಗಿ ಎಡ ರೆಕ್ಕೆಯ ತುದಿಯಿಂದ ಎಣಿಸುತ್ತಾ ಬಂದೆವು. ಎಲ್ಲವೂ ಇದ್ದವು. ಹನ್ನೊಂದನೆಯದಕ್ಕೆ ಒಂದು ಹಳದಿ ದಾರ ಸಿಕ್ಕಿಕೊಂಡು ಗಾಳಿಗೆ ಅಲ್ಲಾಡುತ್ತಿತ್ತು.